ಎಸ್‌ರ‍್ಯಾಮ್ ಬೇಕಾ, ಬೇರೆಯದು ಸಾಕಾ? ಪ್ರಾಜೆಕ್ಟ್‌ಗೆ ಮೆಮೊರಿ ಕೊಳ್ಳುವ ಮುಂಚೆ

ಕಳೆದ ತಿಂಗಳು ಹುಬ್ಬಳ್ಳಿಯ ವಿದ್ಯಾನಗರದ ಕಡೆಯಿಂದ ಒಬ್ಬ ಎಂಜಿನಿಯರಿಂಗ್ ಹುಡುಗ ನನ್ನ ಅಂಗಡಿಗೆ ಬಂದ. ಗೋಕುಲ ರೋಡಿನಲ್ಲಿ ನನ್ನದು ಬೋರ್ಡ್ ರಿಪೇರಿ ಕೆಲಸ. ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ರಿಪೇರಿಗಿಂತ ಹುಡುಗರ ಗಿರಾಕಿಯೇ ಜಾಸ್ತಿ. ಇವನ ಕೈಯಲ್ಲಿ ನಾಲ್ಕು 62256 ಚಿಪ್ ಇದ್ದವು. ಅವು ಎಸ್‌ರ‍್ಯಾಮ್, ಅಂದರೆ ಸ್ಟ್ಯಾಟಿಕ್ ರ‍್ಯಾಮ್ ಅನ್ನುವ ಜಾತಿಯ ಮೆಮೊರಿ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸಿಕೊಂಡಿದ್ದ.

"ಅಣ್ಣಾ, ಇವನ್ನ ಆರ್ಡುಯಿನೋ ಬೋರ್ಡಿಗೆ ಹಚ್ಚಿ ಕೊಡ್ರಿ. ಎಸ್‌ರ‍್ಯಾಮ್ ಭಾಳ ಫಾಸ್ಟ್ ಇರತೈತಂತ."

"ಎದಕ್ಕ ಬೇಕೋ ತಮ್ಮಾ?"

"ಬ್ಯಾಡಗಿ ಕೋಲ್ಡ್ ಸ್ಟೋರೇಜ್‌ದಾಗ ಟೆಂಪರೇಚರ್ ಬರದಿಡಾಕ್ರಿ. ಕರೆಂಟ್ ಹೋದ್ರೂ ಡೇಟಾ ಉಳೀಬೇಕು. ಸ್ಟ್ಯಾಟಿಕ್ ಅಂದ್ರ ಅಲ್ಲೇ ಉಳಿಯೂದು ಅಲ್ಲೇನ್ರಿ?"

ಅಲ್ಲ. ಈ ತಪ್ಪನ್ನು ಅವನೊಬ್ಬನೇ ಮಾಡುವುದಿಲ್ಲ. ವರ್ಷಕ್ಕೆ ಹತ್ತು ಹುಡುಗರು ಇದೇ ಮಾತು ಹೇಳಿಕೊಂಡು ಬರುತ್ತಾರೆ. ಸ್ಟ್ಯಾಟಿಕ್ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಕರೆಂಟ್ ಇರೋತನಕ ತಾನಾಗಿ ನಿಂತಿರುತ್ತದೆ, ಯಾರೂ ಮತ್ತೆ ಮತ್ತೆ ನೆನಪು ಮಾಡಿಕೊಡಬೇಕಾಗಿಲ್ಲ ಅನ್ನುವುದಷ್ಟೇ ಅದರ ಅರ್ಥ. ಕರೆಂಟ್ ಹೋಯಿತೋ, ಅದರಲ್ಲಿದ್ದದ್ದೂ ಹೋಯಿತು.

ಹಾಗಾಗಿ ಯಾವುದು ಫಾಸ್ಟ್ ಅನ್ನುವ ಪ್ರಶ್ನೆಯನ್ನು ಸ್ವಲ್ಪ ಬದಿಗಿಡಿ. ನಾನು ಮೊದಲು ಕೇಳುವುದು ಮೂರು. ಕರೆಂಟ್ ಹೋದ ಮೇಲೆ ಆ ಡೇಟಾ ನಿಮಗೆ ಬೇಕಾ? ಎಷ್ಟು ಸಲ ಬರೆಯುತ್ತೀರಿ? ಒಟ್ಟು ಎಷ್ಟು ಬೈಟ್? ನಮ್ಮ ಕಡೆ ಮೊದಲನೆಯದೇ ದೊಡ್ಡದು. ಮಳೆಗಾಲದ ಮೊದಲ ಗಾಳಿಗೆ ಕರೆಂಟ್ ಎಷ್ಟು ಸಲ ಹೋಗಿ ಬರುತ್ತದೆ ಅಂತ ನಿಮಗೂ ಗೊತ್ತು.

ಆರು ಟ್ರಾನ್ಸಿಸ್ಟರ್‌ಗಳ ಜಗ್ಗಾಟ

ಆರಿಸುವ ಮುಂಚೆ ಒಳಗೆ ಏನು ನಡೆಯುತ್ತದೆ ಅಂತ ತಿಳಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಇನ್ವರ್ಟರ್ ಗೊತ್ತಲ್ವಾ? ಮನೆಯ ಬ್ಯಾಟರಿ ಇನ್ವರ್ಟರ್ ಅಲ್ಲ, ಚಿಪ್ ಒಳಗಿನದು. ಒಂದು ಕೊಟ್ಟರೆ ಸೊನ್ನೆ, ಸೊನ್ನೆ ಕೊಟ್ಟರೆ ಒಂದು. ಏನು ಹೇಳಿದರೂ ಉಲ್ಟಾ ಹೇಳುವ ಮನುಷ್ಯ ಇದ್ದ ಹಾಗೆ. ಅಂಥ ಇಬ್ಬರನ್ನು ಒಂದೇ ಕಟ್ಟೆಯ ಮೇಲೆ ಎದುರುಬದುರು ಕೂರಿಸಿ. ಇವನ ಮಾತು ಅವನ ಕಿವಿಗೆ, ಅವನ ಮಾತು ಇವನ ಕಿವಿಗೆ. ಇವನು ಒಂದು ಅಂದರೆ ಅವನು ಸೊನ್ನೆ ಅನ್ನುತ್ತಾನೆ. ಅವನು ಸೊನ್ನೆ ಅಂದದ್ದಕ್ಕೇ ಇವನು ಮತ್ತೆ ಒಂದು ಅನ್ನುತ್ತಾನೆ. ಇಬ್ಬರೂ ಒಬ್ಬರ ಹಟವನ್ನು ಇನ್ನೊಬ್ಬರು ಗಟ್ಟಿ ಮಾಡುತ್ತ ಕೂತುಬಿಡುತ್ತಾರೆ. ಹೊರಗಿನಿಂದ ಯಾರೋ ಬಂದು ಒಬ್ಬನ ಬಾಯಿ ಮುಚ್ಚಿಸುವ ತನಕ ಈ ಸ್ಥಿತಿ ಬದಲಾಗುವುದಿಲ್ಲ. ಒಂದು ಬಿಟ್ ನೆನಪಿನಲ್ಲಿ ಉಳಿಯುವುದು ಹೀಗೆ.

ಒಂದೊಂದು ಇನ್ವರ್ಟರ್‌ಗೆ ಎರಡು ಟ್ರಾನ್ಸಿಸ್ಟರ್, ಅಂದರೆ ಎರಡು ಪುಟ್ಟ ಸ್ವಿಚ್. ಒಂದು ಮೇಲಕ್ಕೆ, ಅಂದರೆ ಸಪ್ಲೈ ಕಡೆಗೆ ಎಳೆಯುತ್ತದೆ. ಇನ್ನೊಂದು ಕೆಳಕ್ಕೆ, ಗ್ರೌಂಡ್ ಕಡೆಗೆ ಎಳೆಯುತ್ತದೆ. ಅಲ್ಲಿಗೆ ನಾಲ್ಕಾಯಿತು. ಇನ್ನೆರಡು ಟ್ರಾನ್ಸಿಸ್ಟರ್ ಬಾಗಿಲು ಇದ್ದ ಹಾಗೆ, ಎಡಕ್ಕೊಂದು ಬಲಕ್ಕೊಂದು. ಈ ಆರೂ ಸೇರಿ ಒಂದು ಸೆಲ್, ಒಂದು ಬಿಟ್‌ನ ಮನೆ. ಎರಡೂ ಬಾಗಿಲು ತೆರೆಯುವ ತಂತಿಗೆ ವರ್ಡ್ ಲೈನ್ ಅನ್ನುತ್ತಾರೆ. ಬಾಗಿಲಿನ ಆಚೆ ಇರುವ ಎರಡು ತಂತಿಗಳು ಬಿಟ್ ಲೈನ್‌ಗಳು. ಒಂದರಲ್ಲಿ ಬಿಟ್, ಇನ್ನೊಂದರಲ್ಲಿ ಅದರ ಉಲ್ಟಾ.

ಓದುವಾಗ ಮೊದಲು ಎರಡೂ ಬಿಟ್ ಲೈನ್‌ಗಳನ್ನು ಪೂರ್ತಿ ವೋಲ್ಟೇಜ್‌ಗೆ ತುಂಬಿ ಬಿಡುತ್ತಾರೆ. ಆಮೇಲೆ ವರ್ಡ್ ಲೈನ್ ಎತ್ತುತ್ತಾರೆ. ಬಾಗಿಲು ತೆರೆಯುತ್ತದೆ. ಸೆಲ್‌ನ ಯಾವ ಬದಿಯಲ್ಲಿ ಸೊನ್ನೆ ಇದೆಯೋ ಆ ಕಡೆಯ ತಂತಿಯ ವೋಲ್ಟೇಜ್ ಚೂರು ಇಳಿಯುತ್ತದೆ. ಪೂರ್ತಿ ಇಳಿಯುವ ತನಕ ಕಾಯುವುದಿಲ್ಲ. ತಂತಿಯ ತುದಿಯಲ್ಲಿರುವ ಸೆನ್ಸ್ ಆಂಪ್ಲಿಫೈಯರ್ ಎರಡರ ನಡುವಿನ ಸಣ್ಣ ವ್ಯತ್ಯಾಸ ಕಂಡ ತಕ್ಷಣ ತೀರ್ಪು ಕೊಟ್ಟುಬಿಡುತ್ತದೆ. ಎಸ್‌ರ‍್ಯಾಮ್‌ನ ವೇಗಕ್ಕೆ ಇದೂ ಒಂದು ಕಾರಣ.

ಬರೆಯುವಾಗ ಒಂದು ಬಿಟ್ ಲೈನನ್ನು ಜೋರಾಗಿ ಸೊನ್ನೆಗೆ ಜಗ್ಗಿ ಹಿಡಿದು ಬಾಗಿಲು ತೆರೆಯುತ್ತಾರೆ. ಒಳಗೆ ಒಂದು ಅನ್ನುತ್ತ ಕೂತಿದ್ದವನ ಸದ್ದು ಅಡಗುತ್ತದೆ, ಎದುರಿನವನು ತಿರುಗುತ್ತಾನೆ. ಅವನು ತಿರುಗಿದ್ದಕ್ಕೆ ಇವನೂ ಹೊಸ ಮಾತಿಗೇ ಅಂಟಿಕೊಳ್ಳುತ್ತಾನೆ.

ಇಲ್ಲೊಂದು ಚಂದದ ವಿಷಯ ಇದೆ. ಓದುವುದಕ್ಕೂ ಅದೇ ಬಾಗಿಲು, ಬರೆಯುವುದಕ್ಕೂ ಅದೇ ಬಾಗಿಲು. ಹಾಗಿದ್ದರೆ ಓದುವಾಗ ಬಿಟ್ ಯಾಕೆ ತಿರುಗಿಬಿಡುವುದಿಲ್ಲ? ಇದು ಜಾತ್ರೆಯಲ್ಲಿ ಆಡುವ ಹಗ್ಗ ಜಗ್ಗಾಟದ ಲೆಕ್ಕ. ಕೆಳಕ್ಕೆ ಎಳೆಯುವವನು ಎಲ್ಲರಿಗಿಂತ ಗಟ್ಟಿ. ಬಾಗಿಲಿನವನು ಮಧ್ಯಮ. ಮೇಲಕ್ಕೆ ಎಳೆಯುವವನು ಮೆತ್ತಗೆ. ಓದುವಾಗ ತುಂಬಿದ ತಂತಿಯಿಂದ ಒಳಗೆ ನುಗ್ಗುವ ಕರೆಂಟನ್ನು ಕೆಳಕ್ಕೆ ಎಳೆಯುವವನು ತಡೆದುಕೊಳ್ಳುತ್ತಾನೆ. ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಬರೆಯುವಾಗ ಬಾಗಿಲಿನವನು ಮೇಲಕ್ಕೆ ಎಳೆಯುವವನನ್ನು ಸೋಲಿಸುತ್ತಾನೆ. ಒಂದು ಸೊನ್ನೆಯಾಗುತ್ತದೆ. ಟ್ರಾನ್ಸಿಸ್ಟರ್‌ನ ಅಗಲ ಹೆಚ್ಚು ಕಮ್ಮಿ ಮಾಡಿ ಈ ಬಲದ ಲೆಕ್ಕ ಕೂರಿಸುತ್ತಾರೆ.

ಟ್ರಾನ್ಸಿಸ್ಟರ್ ತೀರಾ ಸಣ್ಣದಾದಾಗ ಈ ಲೆಕ್ಕ ಕೂರಿಸುವುದು ಕಷ್ಟ. ಪಕ್ಕಪಕ್ಕದ ಎರಡು ಟ್ರಾನ್ಸಿಸ್ಟರ್‌ಗಳೂ ಒಂದೇ ಸಮ ಬರುವುದಿಲ್ಲ. ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿಯ 5 ನ್ಯಾನೋಮೀಟರ್ ತಂತ್ರದಲ್ಲಿ ಒಂದು ಎಸ್‌ರ‍್ಯಾಮ್ ಸೆಲ್ 0.021 ಚದರ ಮೈಕ್ರಾನ್ ಇತ್ತು. ಆಮೇಲೆ ಬಂದ 3 ನ್ಯಾನೋಮೀಟರ್‌ನ ಎನ್3ಇ ತಂತ್ರದಲ್ಲೂ ಅಷ್ಟೇ ಉಳಿಯಿತು. ಉಳಿದ ಲಾಜಿಕ್ ಕುಗ್ಗಿತು, ನೆನಪಿನ ಸೆಲ್ ಕುಗ್ಗಲಿಲ್ಲ.

ಎಸ್‌ರ‍್ಯಾಮ್ ಏನನ್ನು ಮರೆಯುತ್ತದೆ, ಏನನ್ನು ಮರೆಯುವುದಿಲ್ಲ ಅಂತ ನೀವೇ ನೋಡಬಹುದು. ಆರ್ಡುಯಿನೋ ಉನೋ ಅನ್ನುವ ಪುಟ್ಟ ಪ್ರೋಗ್ರಾಮಿಂಗ್ ಬೋರ್ಡಿನಲ್ಲಿ ಒಂದು ವೇರಿಯೇಬಲ್ಲನ್ನು ನೋಇನಿಟ್ ಸೆಕ್ಷನ್ನಿನಲ್ಲಿ ಇಡಿ. ಹಾಗೆ ಇಟ್ಟರೆ ಪ್ರೋಗ್ರಾಮ್ ಶುರುವಾಗುವಾಗ ಅದನ್ನು ಸೊನ್ನೆ ಮಾಡುವುದಿಲ್ಲ. ರಿಸೆಟ್ ಬಟನ್ ಒತ್ತಿ, ಸಂಖ್ಯೆ ಹಾಗೇ ಇರುತ್ತದೆ. ಯುಎಸ್‌ಬಿ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚುಚ್ಚಿ, ಕಸ ಬರುತ್ತದೆ. ಆ ಕಸದಲ್ಲೂ ಒಂದು ಮಜಾ ಇದೆ. ಕರೆಂಟ್ ಬಂದ ಕ್ಷಣಕ್ಕೆ ಪ್ರತಿ ಸೆಲ್ಲೂ ತನ್ನ ಹುಟ್ಟುಗುಣದ ಕಡೆ ವಾಲುತ್ತದೆ. ಆ ವಿನ್ಯಾಸ ಚಿಪ್‌ನಿಂದ ಚಿಪ್‌ಗೆ ಬೇರೆ. ಅದನ್ನೇ ಚಿಪ್‌ನ ಬೆರಳಚ್ಚಿನಂತೆ ಬಳಸುವವರೂ ಇದ್ದಾರೆ.

ಸೋರುವ ಕೊಡ

ಡಿರ‍್ಯಾಮ್ ಅಂದರೆ ಡೈನಾಮಿಕ್ ರ‍್ಯಾಮ್ ಇದಕ್ಕೆ ಪೂರ್ತಿ ಉಲ್ಟಾ. ಒಂದು ಟ್ರಾನ್ಸಿಸ್ಟರ್, ಚಾರ್ಜ್ ತುಂಬಿಡುವ ಒಂದು ಪುಟಾಣಿ ಕೆಪಾಸಿಟರ್, ಅಷ್ಟೇ. ಐಬಿಎಂನ ರಾಬರ್ಟ್ ಡೆನಾರ್ಡ್‌ಗೆ ಈ ಯೋಚನೆ ಹೊಳೆದದ್ದು 1966ರಲ್ಲಿ, ಪೇಟೆಂಟ್ ಸಿಕ್ಕಿದ್ದು 1968ರಲ್ಲಿ. ಕೆಪಾಸಿಟರ್ ತುಂಬಿದ್ದರೆ ಒಂದು, ಖಾಲಿ ಇದ್ದರೆ ಸೊನ್ನೆ. ತೊಂದರೆ ಏನಂದರೆ ಈ ಕೊಡ ಸೋರುತ್ತದೆ. ಸುಮ್ನೆ ಬಿಟ್ಟರೆ ಒಂದು ಅನ್ನುವುದು ಸ್ವಲ್ಪ ಹೊತ್ತಿನಲ್ಲೇ ಸೊನ್ನೆ ಆಗಿಬಿಡುತ್ತದೆ. ಓದಿದರೂ ಖಾಲಿಯಾಗುತ್ತದೆ. ಓದಿದ ಮೇಲೆ ಮತ್ತೆ ತುಂಬಿಸಬೇಕು.

ಹುಬ್ಬಳ್ಳಿಯ ಹಲವು ಓಣಿಗಳಲ್ಲಿ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಮನೆಮಂದಿಯೆಲ್ಲ ಕೊಡ, ಬ್ಯಾರೆಲ್ ತುಂಬಿಸಲು ಓಡಾಡುತ್ತಾರೆ. ಡಿರ‍್ಯಾಮ್‌ನಲ್ಲಿ ಆ ಓಡಾಟ ನಿಲ್ಲುವುದೇ ಇಲ್ಲ. ಸಾಮಾನ್ಯ ಬಿಸಿಯಲ್ಲಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಸಾಲುಗಳನ್ನೂ ಮತ್ತೆ ತುಂಬಿಸಬೇಕು. ಅದನ್ನು 8,192 ರಿಫ್ರೆಶ್ ಆದೇಶಗಳಾಗಿ ಹಂಚುತ್ತಾರೆ. ಸರಾಸರಿ 7.8 ಮೈಕ್ರೋಸೆಕೆಂಡಿಗೆ ಒಂದು. ಚಿಪ್ 85 ಡಿಗ್ರಿ ದಾಟಿ ಬಿಸಿಯಾದರೆ ಅದರ ದುಪ್ಪಟ್ಟು ಸಲ ತುಂಬಿಸಬೇಕು.

ಇಷ್ಟೆಲ್ಲ ರಗಳೆ ಯಾಕೆ ಸಹಿಸಿಕೊಳ್ಳುತ್ತಾರೆ ಅಂದರೆ ಜಾಗ ಮತ್ತು ದುಡ್ಡು. ನಿಮ್ಮ ಲ್ಯಾಪ್‌ಟಾಪಿನ 8 ಜಿಬಿ ರ‍್ಯಾಮನ್ನು ಎಸ್‌ರ‍್ಯಾಮ್‌ನಲ್ಲೇ ಕಟ್ಟಿದರೆ ಬರೀ ಸೆಲ್‌ಗಳಿಗೇ 41 ಸಾವಿರ ಕೋಟಿಗೂ ಜಾಸ್ತಿ ಟ್ರಾನ್ಸಿಸ್ಟರ್ ಬೇಕು. ಡಿರ‍್ಯಾಮ್‌ಗೆ ಅದರ ಆರರಲ್ಲೊಂದು ಪಾಲು ಟ್ರಾನ್ಸಿಸ್ಟರ್ ಮತ್ತು ಅಷ್ಟೇ ಕೆಪಾಸಿಟರ್.

ಅದಕ್ಕೇ ಕಂಪ್ಯೂಟರಿನಲ್ಲಿ ಎರಡೂ ಇರುತ್ತವೆ. ಗಿರ್ಮಿಟ್ ಹಚ್ಚುವವನನ್ನು ನೋಡಿ. ಹೆಚ್ಚಿದ ಉಳ್ಳಾಗಡ್ಡಿ, ಪುಟಾಣಿ ಹಿಟ್ಟು, ಸೇವು, ಒಗ್ಗರಣೆ ಎಲ್ಲ ಕೈಗೆ ಸಿಗುವ ಹಾಗೆ ಮುಂದೆ ಇರುತ್ತದೆ. ಚುರುಮುರಿ ಚೀಲ ಹಿಂದೆ. ಇಡೀ ಚೀಲವನ್ನು ಮುಂದೆ ಇಟ್ಟುಕೊಂಡರೆ ಕೈಯಾಡಿಸಲು ಜಾಗ ಇರುವುದಿಲ್ಲ. ಪ್ರೊಸೆಸರ್ ಒಳಗಿನ ಕ್ಯಾಶ್ ಅಂದರೆ ಆ ಮುಂದಿನ ಡಬ್ಬಿಗಳು. ಅದು ಎಸ್‌ರ‍್ಯಾಮ್. ಹತ್ತಿರದ ಎಲ್1 ಕ್ಯಾಶ್‌ನಿಂದ ನಾಲ್ಕೈದು ಕ್ಲಾಕ್‌ನಲ್ಲಿ, ಅಂದರೆ ಪ್ರೊಸೆಸರ್‌ನ ನಾಲ್ಕೈದು ಬಡಿತದಲ್ಲಿ, ಡೇಟಾ ಸಿಗುತ್ತದೆ. ಹೊರಗಿನ ಡಿರ‍್ಯಾಮ್‌ನಿಂದ ತರಲು ನೂರಾರು ಕ್ಲಾಕ್ ಬೇಕು. 1989ರ ಇಂಟೆಲ್ 486ರ ಒಳಗೆ ಇದ್ದದ್ದು 8 ಕೆಬಿ ಕ್ಯಾಶ್. 2022ರಲ್ಲಿ ಬಂದ ಎಎಂಡಿ ರೈಜೆನ್ 7 5800ಎಕ್ಸ್3ಡಿ ಪ್ರೊಸೆಸರ್‌ನಲ್ಲಿ ಎಲ್3 ಅನ್ನುವ ಹೊರಹಂತದ ಕ್ಯಾಶ್ ಒಂದೇ 96 ಎಂಬಿ. ಅದಕ್ಕಾಗಿ ಒಂದು ಎಸ್‌ರ‍್ಯಾಮ್ ತುಂಡನ್ನೇ ಪ್ರೊಸೆಸರ್ ಮೇಲೆ ಹೊರಿಸಿದರು.

ಲ್ಯಾಪ್‌ಟಾಪ್ ಕೊಳ್ಳಲು ಹೊರಟವರು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. ಕ್ಯಾಶ್ ಜಾಸ್ತಿ ಇರುವುದು ತಗೊಳ್ಳಲಾ, ರ‍್ಯಾಮ್ ಜಾಸ್ತಿ ಇರುವುದು ತಗೊಳ್ಳಲಾ? ಬ್ರೌಸರ್, ಆಫೀಸ್, ಟ್ಯಾಲಿ, ಕೋಡಿಂಗ್ ಅನ್ನುವವರಿಗೆ ನನ್ನ ಉತ್ತರ ರ‍್ಯಾಮ್. 8 ಜಿಬಿ ಸಾಲದೆ ಡಿಸ್ಕ್‌ಗೆ ಇಳಿದರೆ ಯಾವ ಕ್ಯಾಶ್ ಕೂಡ ಕಾಪಾಡುವುದಿಲ್ಲ. ಗೇಮ್ ಆಡುವವರಿಗೆ ದೊಡ್ಡ ಎಲ್3 ನಿಜವಾಗಲೂ ಕೆಲಸಕ್ಕೆ ಬರುತ್ತದೆ. ಕ್ಯಾಶ್ ಆಮೇಲೆ ಹಾಕಿಸಲು ಬರುವುದಿಲ್ಲ ಅನ್ನುವುದು ನೆನಪಿರಲಿ. ರ‍್ಯಾಮ್ ಕೂಡ ಬೋರ್ಡಿಗೆ ಬೆಸುಗೆ ಹಾಕಿದ್ದರೆ ಅದೇ ಗತಿ. ಕೊಳ್ಳುವ ಮುಂಚೆ ಸ್ಲಾಟ್ ಇದೆಯಾ ಕೇಳಿ.

ಬೋರ್ಡಿನ ಒಳಗೆ ಇರುವುದೇ ಸಾಕಾ?

ಈಗ ಪ್ರಾಜೆಕ್ಟ್‌ಗೆ ಬರೋಣ. ಹೊರಗಿನಿಂದ ಮೆಮೊರಿ ಹಚ್ಚುವ ಮುಂಚೆ ಒಳಗೆ ಏನಿದೆ ಅಂತ ನೋಡಿ. ಉನೋದ ಎಟಿಮೆಗಾ328ಪಿ ಚಿಪ್‌ನಲ್ಲಿ ಎಸ್‌ರ‍್ಯಾಮ್ 2 ಕೆಬಿ, ಮೆಗಾ ಬೋರ್ಡಿನಲ್ಲಿ 8 ಕೆಬಿ. ಎಸ್‌ಟಿಎಂ32ರ ನೀಲಿ ಬೋರ್ಡಿನಲ್ಲಿ 20 ಕೆಬಿ. ಮೊದಲ ರಾಸ್‌ಬೆರಿ ಪೈ ಪಿಕೋದಲ್ಲಿ 264 ಕೆಬಿ, ಹಳೆಯ ಇಎಸ್‌ಪಿ32ರಲ್ಲಿ 520 ಕೆಬಿ. ಇವೆಲ್ಲ ಎಸ್‌ರ‍್ಯಾಮೇ. ಅಂದರೆ ಉನೋ ಬಿಟ್ಟು ಪಿಕೋ ತಗೊಂಡರೆ ಯಾವ ಬೆಸುಗೆಯೂ ಇಲ್ಲದೆ 132 ಪಟ್ಟು ಎಸ್‌ರ‍್ಯಾಮ್ ಸಿಕ್ಕಿತು. ಮೆಮೊರಿ ಸಾಲದು ಅನ್ನುವ ಹುಡುಗರಿಗೆ ನಾನು ಮೊದಲು ಹೇಳುವುದೇ ಬೋರ್ಡ್ ಬದಲಿಸು ಅಂತ. ಗೈಡ್ ಒಪ್ಪುವುದಿಲ್ಲ ಅಂದರೆ ಅದು ಬೇರೆ ಮಾತು.

ಉನೋದಲ್ಲೇ ಮಾಡಬೇಕು ಅಂದರೆ ಸೋರುವ ಕಡೆ ಮೊದಲು ಮುಚ್ಚಿ. ಸೀರಿಯಲ್ ಪ್ರಿಂಟ್‌ನಲ್ಲಿ ಬರೆಯುವ ಉದ್ದುದ್ದ ವಾಕ್ಯಗಳೆಲ್ಲ ಎಸ್‌ರ‍್ಯಾಮ್‌ಗೇ ಬಂದು ಕೂರುತ್ತವೆ. ಎಫ್ ಮ್ಯಾಕ್ರೋ ಹಾಕಿದರೆ, ಅಂದರೆ ಅವನ್ನು F() ಒಳಗೆ ಬರೆದರೆ, ಅವು ಪ್ರೋಗ್ರಾಮ್ ಇರುವ ಫ್ಲ್ಯಾಶ್ ಮೆಮೊರಿಯಲ್ಲೇ ಉಳಿಯುತ್ತವೆ. 128×64ರ ಓಎಲ್‌ಇಡಿ ಪರದೆ ಇದ್ದರೆ ಅದರ ಲೈಬ್ರರಿ ಒಂದೇ ಸಲಕ್ಕೆ 1,024 ಬೈಟ್ ನುಂಗುತ್ತದೆ. ಅರ್ಧ ಮೆಮೊರಿ ಅಲ್ಲಿಗೇ ಹೋಯಿತು! ಹೋದ ವರ್ಷ ಒಬ್ಬ ಹುಡುಗಿ ಸೆನ್ಸರ್ ಹಾಳಾಗಿದೆ ಅಂತ ಮೂರು ಸೆನ್ಸರ್ ಬದಲಿಸಿ ಬಂದಿದ್ದಳು. ಸೆನ್ಸರ್ ಸರಿಯಾಗೇ ಇತ್ತು. ಮೆಮೊರಿ ಸಾಲದೆ ಪ್ರೋಗ್ರಾಮಿನ ತಾತ್ಕಾಲಿಕ ಜಾಗ, ಅಂದರೆ ಸ್ಟ್ಯಾಕ್, ಬಂದು ವೇರಿಯೇಬಲ್‌ಗಳ ಮೇಲೆ ಕೂರುತ್ತಿತ್ತು. ಪರದೆಯ ಲೈಬ್ರರಿ ಬದಲಿಸಿ ಬರೀ ಅಕ್ಷರ ತೋರಿಸುವಂಥದ್ದು ಹಾಕಿದೆವು, ಸರಿಹೋಯಿತು.

ಹೊರಗಿನಿಂದ ಎಸ್‌ರ‍್ಯಾಮ್ ಹಚ್ಚುವುದಾದರೆ

ಆ ಹುಡುಗ ತಂದಿದ್ದ 62256 ಒಳ್ಳೆಯ ಚಿಪ್ಪೇ. 32 ಕೆಬಿ, 55 ಅಥವಾ 70 ನ್ಯಾನೋಸೆಕೆಂಡ್. ಆದರೆ ಪಿನ್ ಎಣಿಸಿ. ವಿಳಾಸಕ್ಕೆ 15, ಡೇಟಾಕ್ಕೆ 8, ಚಿಪ್ ಸೆಲೆಕ್ಟ್, ಓದು, ಬರೆ ಅಂತ 3, ಪವರ್‌ಗೆ 2. ಒಟ್ಟು 28. ಉನೋದಲ್ಲಿ ನಿಮ್ಮ ಕೈಗೆ ಸಿಗುವುದು 20 ಪಿನ್. ಮಧ್ಯೆ ಕೊಟ್ಟದ್ದನ್ನು ಹಿಡಿದಿಡುವ ಲ್ಯಾಚ್ ಚಿಪ್‌ಗಳನ್ನು ಹಾಕಿ ವಿಳಾಸವನ್ನು ಕಂತಿನಲ್ಲಿ ಕಳಿಸಬೇಕು. ಹಾಗೆ ಮಾಡಿದ ಮೇಲೆ 55 ನ್ಯಾನೋಸೆಕೆಂಡಿನ ವೇಗ ಎಲ್ಲಿ ಉಳಿಯಿತು? ಮೆಗಾ ಬೋರ್ಡಿನ ಚಿಪ್‌ಗೆ ಹೊರಗಿನ ಮೆಮೊರಿ ಹಚ್ಚುವ ಸೌಲಭ್ಯ ಒಳಗೇ ಇದೆ, ಅಲ್ಲಿ ಒಂದೇ ಲ್ಯಾಚ್ ಸಾಕು. ಕಾಲೇಜಿನ ಲ್ಯಾಬ್‌ನಲ್ಲಿರುವ 8085 ಪ್ರೊಸೆಸರ್ ಕಿಟ್ ತೆರೆದು ನೋಡಿ, ಅಲ್ಲೂ ಒಂದು ಲ್ಯಾಚ್, ಪಕ್ಕದಲ್ಲಿ 6264 ಅನ್ನುವ ಎಸ್‌ರ‍್ಯಾಮ್ ಅಥವಾ 62256 ಕೂತಿರುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ಚಿಪ್ ಇಲ್ಲ. ಪ್ರತಿ ತಂತಿಗೂ ಮಲ್ಟಿಮೀಟರ್ ಹಚ್ಚಿ ನೋಡಬಹುದು. ಪ್ರಾಜೆಕ್ಟ್ ಮುಗಿಸಬೇಕು ಅನ್ನುವವರಿಗೆ ಮಾತ್ರ ಬೇಡ.

ಅವರಿಗೆ 23ಎಲ್‌ಸಿ1024 ಅನ್ನುವ ಎಸ್‌ರ‍್ಯಾಮ್ ಚಿಪ್ ಸರಿ. ಎಂಟೇ ಕಾಲು, ಬಿಟ್‌ಗಳನ್ನು ಒಂದರ ಹಿಂದೊಂದು ಕಳಿಸುವ ಎಸ್‌ಪಿಐ ಮೂಲಕ ನಾಲ್ಕೇ ತಂತಿ, 128 ಕೆಬಿ. 5 ವೋಲ್ಟ್‌ಗೂ ಆಗುತ್ತದೆ, 3.3ಕ್ಕೂ ಆಗುತ್ತದೆ. ಅದರ ತಮ್ಮನಂತಿರುವ 23ಕೆ256 ಮಾತ್ರ 3.6 ವೋಲ್ಟ್ ಮೇಲೆ ತಡೆಯುವುದಿಲ್ಲ. ಉನೋಗೆ ನೇರವಾಗಿ ಹಚ್ಚಿ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಇದು ನಿಜವಾಗಿ ಬೇಕಾಗುವ ಜಾಗ ಯಾವುದು? ಒಂದು ಉದಾಹರಣೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅವುಗಳ ಕೂಗನ್ನು ಉನೋದಿಂದ ರೆಕಾರ್ಡ್ ಮಾಡಬೇಕು ಅಂದುಕೊಳ್ಳಿ. ಸೆಕೆಂಡಿಗೆ 8,000 ಸ್ಯಾಂಪಲ್, ಒಂದಕ್ಕೆ ಒಂದು ಬೈಟ್. ಎಸ್‌ಡಿ ಕಾರ್ಡಿಗೆ ಬರೆಯುತ್ತ ಹೋಗಬಹುದಲ್ಲ ಅನ್ನಿಸುತ್ತದೆ. ಆದರೆ ಎಸ್‌ಡಿ ಕಾರ್ಡ್ ಮಧ್ಯೆ ಮಧ್ಯೆ ತನ್ನ ಒಳಗಿನ ಮನೆಗೆಲಸಕ್ಕೆ ಕೂತುಬಿಡುತ್ತದೆ. ಒಂದೊಂದು ಸಲ 250 ಮಿಲಿಸೆಕೆಂಡ್ ತನಕ ಕಾಯಿಸಲು ಅದಕ್ಕೆ ಅನುಮತಿ ಇದೆ. ಅಷ್ಟರಲ್ಲಿ 2,000 ಬೈಟ್ ಬಂದು ಬಿದ್ದಿರುತ್ತದೆ. ಉನೋದಲ್ಲಿರುವುದೇ 2,048. ಹಕ್ಕಿಯ ಕೂಗಿನಲ್ಲಿ ತೂತು ಬೀಳುತ್ತದೆ. ಇಲ್ಲಿ 128 ಕೆಬಿ ಎಸ್‌ರ‍್ಯಾಮ್ ಇದ್ದರೆ 16 ಸೆಕೆಂಡಿನ ಸದ್ದು ಹಿಡಿದಿಟ್ಟುಕೊಳ್ಳುತ್ತದೆ, ಕಾರ್ಡ್ ಯಾವಾಗ ಬೇಕಾದರೂ ಬಿಡುವು ಮಾಡಿಕೊಳ್ಳಲಿ. ಎಷ್ಟು ಸಲ ಬರೆದರೂ ಎಸ್‌ರ‍್ಯಾಮ್ ಸವೆಯುವುದಿಲ್ಲ. ಬರೀ ಬಫರ್ ಕೆಲಸಕ್ಕೆ ಅದಕ್ಕೆ ಸಾಟಿ ಇಲ್ಲ.

ಕ್ಯಾಮೆರಾ ಚಿತ್ರದಂಥ ದೊಡ್ಡ ಡೇಟಾಕ್ಕೆ ಪಿಎಸ್‌ರ‍್ಯಾಮ್ ಇರುವ ಇಎಸ್‌ಪಿ32 ಬೋರ್ಡ್ ತಗೊಳ್ಳಿ, 4 ಅಥವಾ 8 ಎಂಬಿ ಸಿಗುತ್ತದೆ. ಹೆಸರಲ್ಲಿ ಎಸ್‌ರ‍್ಯಾಮ್ ಇದ್ದರೂ ಒಳಗೆ ಅದು ಡಿರ‍್ಯಾಮ್. ಸೋರುವ ಕೊಡ ತುಂಬಿಸುವ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಬರೀ ಡಿರ‍್ಯಾಮ್ ಚಿಪ್ ತಂದು ಸಣ್ಣ ಬೋರ್ಡಿಗೆ ಹಚ್ಚುವ ಸಾಹಸಕ್ಕೆ ಹೋಗಬೇಡಿ.

ಕರೆಂಟ್ ಹೋದರೂ ಉಳಿಯಬೇಕು ಅಂದರೆ

ಇಲ್ಲಿ ನನ್ನದೇ ಒಂದು ಅವಾಂತರ ಹೇಳಬೇಕು. ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್‌ಗೆ ಹಾಳೆ ಎಣಿಸುವ ಡಬ್ಬಿ ಮಾಡಿಕೊಟ್ಟಿದ್ದೆ. ಮಷಿನ್‌ನಿಂದ ಒಂದು ಹಾಳೆ ಹೊರಬಿದ್ದರೆ ಒಂದು ಎಣಿಕೆ. ಕರೆಂಟ್ ಹೋದರೆ ಎಣಿಕೆ ಹೋಗಬಾರದು ಅಂದಿದ್ದರು ಮಾಲಕರು. ನಾನು ಬುದ್ಧಿವಂತ ಅಂದುಕೊಂಡು ಪ್ರತಿ ಹಾಳೆಗೂ ಉನೋದ ಒಳಗಿನ ಇಇಪ್ರಾಮ್ ಅನ್ನುವ, ಕರೆಂಟ್ ಹೋದರೂ ಮರೆಯದ ಮೆಮೊರಿಯಲ್ಲಿ ಒಂದೇ ಜಾಗದಲ್ಲಿ ಸಂಖ್ಯೆ ಬರೆಸಿದೆ. ಆ ಇಇಪ್ರಾಮ್‌ನ ಪ್ರತಿ ಜಾಗಕ್ಕೆ ತಯಾರಕರು ಕೊಡುವ ಭರವಸೆ 1,00,000 ಸಲದ ಬರವಣಿಗೆ. ಆ ಮಷಿನ್ ಗಂಟೆಗೆ 5,000 ಹಾಳೆ ಹೊಡೆಯುತ್ತಿತ್ತು. 20 ಗಂಟೆಗೆ ಭರವಸೆ ಮುಗಿಯಿತು! ಚಿಪ್ ಪಾಪ ಅದಕ್ಕಿಂತ ಎಷ್ಟೋ ಜಾಸ್ತಿ ದುಡಿಯಿತು. ಒಂದೂವರೆ ತಿಂಗಳ ಮೇಲೆ ಫೋನ್ ಬಂತು. "ಏನ್ರೀ ನಿಮ್ಮ ಡಬ್ಬಿ, ನಿನ್ನೆ ರಾತ್ರಿ ಹನ್ನೆರಡು ಸಾವಿರ ಇತ್ತು, ಇವತ್ತ ಮುಂಜಾನೆ ಅರವತ್ತು ಸಾವಿರ ತೋರಸಾಕತ್ತೈತಿ. ದೆವ್ವ ಬಂದು ಪ್ರಿಂಟ್ ಹೊಡೀತೇನು?"

ಡಬ್ಬಿ ವಾಪಸ್ ತಂದು ಎರಡು ದಾರಿ ನೋಡಿದೆ. ಒಂದು, ಎಣಿಕೆಯನ್ನು ಎಸ್‌ರ‍್ಯಾಮ್‌ನ ವೇರಿಯೇಬಲ್‌ನಲ್ಲೇ ಇಟ್ಟುಕೊಂಡು ಕರೆಂಟ್ ಹೋಗುವ ಕ್ಷಣದಲ್ಲಿ ಮಾತ್ರ ಇಇಪ್ರಾಮ್‌ಗೆ ಬರೆಯುವುದು. ನಾಲ್ಕು ಬೈಟ್ ಬರೆಯಲು ಸುಮಾರು 14 ಮಿಲಿಸೆಕೆಂಡ್. ಬೋರ್ಡ್ 50 ಮಿಲಿಆಂಪ್ ಕುಡಿದರೂ 1,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದರೆ ಅಷ್ಟು ಹೊತ್ತಿನಲ್ಲಿ 0.7 ವೋಲ್ಟ್ ಮಾತ್ರ ಇಳಿಯುತ್ತದೆ. ಸಪ್ಲೈ ಕಡೆ ಒಂದು ಡಯೋಡ್ ಹಾಕಿ, ಅದರ ಹಿಂದಿನ ವೋಲ್ಟೇಜ್ ಬಿದ್ದದ್ದನ್ನು ಒಂದು ಪಿನ್‌ನಿಂದ ನೋಡಬೇಕು. ಪರದೆಯ ಲೈಟಿಗೆ ಮಾತ್ರ ಆ ಕೆಪಾಸಿಟರ್‌ನಿಂದ ಕರೆಂಟ್ ಹೋಗಬಾರದು. ಅಗ್ಗದ ದಾರಿ, ಚೆನ್ನಾಗಿ ನಡೆಯುತ್ತದೆ.

ಎರಡನೆಯದು ಎಫ್‌ರ‍್ಯಾಮ್. ನಾನು ಹಾಕಿದ್ದು ಅದನ್ನೇ. ಎಂಬಿ85ಆರ್‌ಸಿ256ವಿ ಅನ್ನುವ ಚಿಪ್, 32 ಕೆಬಿ, ಐ2ಸಿ ಅನ್ನುವ ಇನ್ನೊಂದು ಬಗೆಯ ಜೋಡಣೆಯ ಮೂಲಕ ಎರಡೇ ತಂತಿ. ಕರೆಂಟ್ ಹೋದರೂ ಉಳಿಯುತ್ತದೆ. ಇಇಪ್ರಾಮ್‌ನ ಹಾಗೆ ಬರೆದ ಮೇಲೆ 5 ಮಿಲಿಸೆಕೆಂಡ್ ಕಾಯಬೇಕಾಗಿಲ್ಲ. ಪ್ರತಿ ಬೈಟಿಗೂ ಒಂದು ಲಕ್ಷ ಕೋಟಿ ಸಲ ಬರೆಯಬಹುದು. ಆ ಮಷಿನ್ ಹಗಲು ರಾತ್ರಿ ಓಡಿದರೂ ಇಪ್ಪತ್ತು ಸಾವಿರ ವರ್ಷಕ್ಕೆ ಸಾಕು. ಅಷ್ಟೊತ್ತಿಗೆ ಪ್ರೆಸ್ ಇರಬೇಕಲ್ಲ. ದುಬಾರಿ ಹೌದು, ಅದೇ ಅಳತೆಯ ಇಇಪ್ರಾಮ್‌ಗಿಂತ ಹಲವು ಪಟ್ಟು. ಹುಬ್ಬಳ್ಳಿಯಲ್ಲಿ ಹುಡುಕಿದರೆ ಕೈಗೆ ಸಿಗುವುದು ಅಪರೂಪ, ತರಿಸಿಕೊಳ್ಳಬೇಕು.

ಹಾಗಂತ ಇಇಪ್ರಾಮ್ ಕೆಟ್ಟದ್ದಲ್ಲ, ನಾನು ಬಳಸಿದ ರೀತಿ ಕೆಟ್ಟದ್ದಾಗಿತ್ತು. ಹೊರಗಿನಿಂದ ಹಚ್ಚುವ 32 ಕೆಬಿಯ ಎಟಿ24ಸಿ256 ಇಇಪ್ರಾಮ್ ಚಿಪ್‌ಗೆ ಹತ್ತು ಲಕ್ಷ ಸಲದ ಭರವಸೆ ಇದೆ. ಜಾಗ ಬದಲಿಸುತ್ತ ಸುತ್ತು ಹಾಕಿ ಬರೆದರೆ ಅದು ಸವೆಯುವುದನ್ನು ನೀವು ನೋಡುವುದೇ ಇಲ್ಲ. ಹುಡುಗರು ಸುತ್ತು ಹಾಕುತ್ತಾರೆ, ಆದರೆ ಈಗ ಎಲ್ಲಿದ್ದೇನೆ ಅನ್ನುವ ವಿಳಾಸವನ್ನು ಮಾತ್ರ ಸೊನ್ನೆಯನೇ ಜಾಗದಲ್ಲಿ ಪ್ರತಿ ಸಲ ಬರೆಯುತ್ತಾರೆ. ಸೆಕೆಂಡಿಗೊಮ್ಮೆ ಬರೆದರೆ ಆ ಒಂದು ಜಾಗಕ್ಕೆ ಹನ್ನೊಂದೂವರೆ ದಿನದಲ್ಲಿ ಹತ್ತು ಲಕ್ಷ ತುಂಬುತ್ತದೆ. ವಿಳಾಸ ಬರೆಯಲೇಬೇಡಿ. ಪ್ರತಿ ದಾಖಲೆಗೂ ಸಮಯ ಇರುತ್ತದಲ್ಲ, ಶುರುವಾಗುವಾಗ ಎಲ್ಲವನ್ನೂ ಓದಿ ಕೊನೆಯ ಸಮಯ ಯಾವುದು ಅಂತ ಹುಡುಕಿಕೊಂಡರೆ ಆಯಿತು.

ಇನ್ನೊಂದು ಹಳೆಯ ದಾರಿ, ಎಸ್‌ರ‍್ಯಾಮ್‌ಗೆ ಬ್ಯಾಟರಿ ಕೊಡುವುದು. ನಿಮ್ಮ ಹಳೆಯ ಡೆಸ್ಕ್‌ಟಾಪ್ ಶುರುವಾದಾಗ ತಾರೀಖು ಎಲ್ಲೋ ಹಿಂದಕ್ಕೆ ಹೋಗಿದ್ದರೆ ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದೆ ಅಂತ ಅರ್ಥ. 1984ರ ಐಬಿಎಂ ಪಿಸಿ-ಎಟಿಯಲ್ಲಿ ಗಡಿಯಾರ ಮತ್ತು ಸೆಟ್ಟಿಂಗ್ ಎರಡನ್ನೂ ಬ್ಯಾಟರಿ ಮೇಲೆ ಉಳಿಸಿಕೊಂಡದ್ದು 64 ಬೈಟಿನ ಒಂದು ರ‍್ಯಾಮ್. 62256ಕ್ಕೂ ಹೀಗೆ ಮಾಡಬಹುದು. ಸುಮ್ನೆ ಇದ್ದಾಗ 2 ವೋಲ್ಟ್ ಇದ್ದರೂ ಡೇಟಾ ಉಳಿಯುತ್ತದೆ. ಡೇಟಾಶೀಟ್‌ನಲ್ಲಿ ಆಗಿನ ಕರೆಂಟ್ ಎಷ್ಟು ಅಂತ ನೋಡಿ. 2 ಮೈಕ್ರೋಆಂಪ್ ಇದ್ದರೆ 220 ಮಿಲಿಆಂಪ್-ಗಂಟೆಯ ಸಿಆರ್2032 ನಾಣ್ಯ ಬ್ಯಾಟರಿ ಲೆಕ್ಕದ ಪ್ರಕಾರ 12 ವರ್ಷ ಬರುತ್ತದೆ. 100 ಇದ್ದರೆ ಮೂರೇ ತಿಂಗಳು. ಎರಡೂ ಚಿಪ್‌ಗಳ ಮೇಲೆ ಅದೇ 62256 ಅಂತ ಬರೆದಿರುತ್ತದೆ, ಕೊನೆಯ ಅಕ್ಷರಗಳಷ್ಟೇ ಬೇರೆ. ಬೇಸಿಗೆಯಲ್ಲಿ ತಗಡಿನ ಶೆಡ್ ಒಳಗೆ ಡಬ್ಬಿ ಇಟ್ಟರೆ ಸೋರಿಕೆ ಇನ್ನೂ ಏರುತ್ತದೆ.

ಬ್ಯಾಟರಿಗಿಂತ ದೊಡ್ಡ ಅಪಾಯ ಇನ್ನೊಂದು. ಕರೆಂಟ್ ಹೋಗುವಾಗ ಪ್ರೊಸೆಸರ್ ತೊದಲುತ್ತದೆ. ಆ ಹೊತ್ತಿಗೆ ಅದರ ಬರೆಯುವ ಪಿನ್ ಯಾವ ಕಡೆ ಬೇಕಾದರೂ ಹಾರಾಡಬಹುದು. ಚಿಪ್ ಸೆಲೆಕ್ಟ್ ಪಿನ್ನನ್ನು ಬ್ಯಾಟರಿ ಲೈನಿಗೆ ರೆಸಿಸ್ಟರ್ ಮೂಲಕ ಎತ್ತಿ ಹಿಡಿಯದಿದ್ದರೆ ಬ್ಯಾಟರಿ ಕಸವನ್ನೇ ಜೋಪಾನವಾಗಿ ಕಾಯುತ್ತದೆ. ಈ ಕಾವಲಿಗೇ ಡಿಎಸ್1210 ಅನ್ನುವ ಚಿಪ್ ಇದೆ. ಬ್ಯಾಟರಿ ಪಿನ್ ಇರುವ 23ಎಲ್‌ಸಿವಿ1024 ಕೂಡ ಇದೆ. ಇಷ್ಟೆಲ್ಲ ಮಾಡುವ ಬದಲು ಎಫ್‌ರ‍್ಯಾಮ್ ಹಾಕಿ ನಿದ್ದೆ ಮಾಡುವುದೇ ಸರಿ ಅನ್ನುವುದು ನನ್ನ ಮತ.

ತಿಂಗಳುಗಟ್ಟಲೆ ಡೇಟಾ ಇಡಬೇಕು ಅಂದರೆ ಎಸ್‌ಡಿ ಕಾರ್ಡ್. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಫೈಲೇ ಕೆಡಬಹುದು, ಅದಕ್ಕೆ ಸಣ್ಣ ಬ್ಯಾಟರಿ ಜೊತೆಗಿರಲಿ.

ಬ್ಯಾಡಗಿಯ ಲೆಕ್ಕ

ಹುಡುಗನನ್ನು ಕೂರಿಸಿ ಹಾಳೆ ಮೇಲೆ ಲೆಕ್ಕ ಬರೆಸಿದೆ. ಸಮಯಕ್ಕೆ 4 ಬೈಟ್, ಟೆಂಪರೇಚರ್‌ಗೆ 2, ತೇವಕ್ಕೆ 2. ಒಂದು ದಾಖಲೆ 8 ಬೈಟ್. ಅವನು ನಿಮಿಷಕ್ಕೊಂದು ಅಂದಿದ್ದ. ಹಾಗಾದರೆ ದಿನಕ್ಕೆ 11,520 ಬೈಟ್, 32 ಕೆಬಿ ಮೂರು ದಿನಕ್ಕೂ ಸಾಲದು. "ಮೆಣಸಿನಕಾಯಿ ಗೋದಾಮು ನಿಮಿಷಕ್ಕ ಎಷ್ಟ್ ಬಿಸಿ ಆಗತೈತೋ?" ಅಂದೆ. ನಕ್ಕ. ಐದು ನಿಮಿಷಕ್ಕೆ ಒಂದು ಅಂತಾಯಿತು. ದಿನಕ್ಕೆ 2,304 ಬೈಟ್, 14 ದಿನ ಬರುತ್ತದೆ.

ಆಮೇಲೆ ಅವನ ಗಡಿಯಾರದ ಮಾಡ್ಯೂಲ್ ತಿರುಗಿಸಿ ತೋರಿಸಿದೆ. ಡಿಎಸ್3231 ಜೊತೆ ಅದೇ ಬೋರ್ಡಿನಲ್ಲಿ ಎಟಿ24ಸಿ32 ಇಇಪ್ರಾಮ್ ಕೂತಿತ್ತು. 4 ಕೆಬಿ, 512 ದಾಖಲೆ, ಸುಮಾರು 42 ಗಂಟೆಯ ಡೇಟಾ. ದುಡ್ಡು ಕೊಟ್ಟಾಗಿದೆ, ಅವನಿಗೆ ಅದು ಅಲ್ಲಿರುವುದೇ ಗೊತ್ತಿರಲಿಲ್ಲ. ದಿನಾ ಯಾರಾದರೂ ಬಂದು ಡೇಟಾ ಇಳಿಸಿಕೊಳ್ಳುವುದಾದರೆ ಅದೇ ಸಾಕಿತ್ತು. ಅವನು ವಾರಕ್ಕೊಮ್ಮೆ ಬ್ಯಾಡಗಿಗೆ ಹೋಗುವವನು, ಹಾಗಾಗಿ ಎಟಿ24ಸಿ256 ಹಾಕಿದೆವು. ಐದು ನಿಮಿಷಕ್ಕೊಮ್ಮೆ ಬರೆಯುವುದಕ್ಕೆ ಎಫ್‌ರ‍್ಯಾಮ್ ಬೇಕಾಗಿರಲಿಲ್ಲ.

ಉಳಿದದ್ದು ಆ ನಾಲ್ಕು 62256. ಮೂರನ್ನು ಅವನೇ ಒಯ್ದ. ಒಂದನ್ನು ನಾನು ಕೊಂಡು ಅಂಗಡಿಗೆ ಬಂದಿದ್ದ ಹಳೆಯ 8085 ಕಿಟ್‌ನ ಸತ್ತ 6264ರ ಜಾಗದಲ್ಲಿ ಹಾಕಿದೆ. ಎರಡಕ್ಕೂ 28 ಕಾಲು, ಹೆಚ್ಚುಕಮ್ಮಿ ಒಂದೇ ಜೋಡಣೆ. ಆದರೂ ಬರೆದದ್ದು ಒಂದು, ಓದಿದಾಗ ಬರುವುದು ಇನ್ನೊಂದು. ಎರಡು ಗಂಟೆ ತಲೆ ಕೆರೆದುಕೊಂಡೆ. 6264ರಲ್ಲಿ ಮೊದಲನೇ ಪಿನ್‌ಗೆ ಏನೂ ಕೆಲಸ ಇಲ್ಲ, 62256ರಲ್ಲಿ ಅದು ವಿಳಾಸದ ಮೇಲಿನ ತಂತಿ. ಕಿಟ್‌ನಲ್ಲಿ ಅದನ್ನು ಎಲ್ಲಿಗೂ ಹಚ್ಚದೆ ಗಾಳಿಗೆ ಬಿಟ್ಟಿದ್ದರು. ನನ್ನ ಬೆರಳು ಹತ್ತಿರ ಬಂದರೆ ಚಿಪ್ ಇನ್ನೊಂದು ಓಣಿಯಲ್ಲಿ ಬರೆಯುತ್ತಿತ್ತು. ಒಂದು ತುಂಡು ತಂತಿಯಿಂದ ಅದನ್ನು ಗ್ರೌಂಡ್‌ಗೆ ಬೆಸೆದೆ, ಕಿಟ್ ನಡೆಯಿತು.